ಇಲಿಯ ರೆನಿನ್, ತಂಗಿಯ ಬಿಪಿ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು. ತಂಗಿಗೆ 34 ವರ್ಷ, ಎರಡು ವರ್ಷದಿಂದ ಬಿಪಿ ಇದೆ. ಆಮ್ಲೋಡಿಪಿನ್ 10 ಮಿ.ಗ್ರಾಂ ನಡೀತಿದೆ. ಜೊತೆಗೆ ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಸೇರಿರುವ ಮಾತ್ರೆಯೂ ಇದೆ. ಆದರೂ 160/100ರ ಕೆಳಗೆ ಇಳಿದಿಲ್ಲ. ಪೊಟ್ಯಾಸಿಯಂ 3.1 ಬಂದಿದೆ. ಕಾಲು ಊದಿಲ್ಲ, ಆದರೆ ರಾತ್ರಿ ಮೀನಖಂಡ ಹಿಡಿಯುತ್ತೆ. ಹಾಸನದ ಡಾಕ್ಟರು ರೆನಿನ್, ಆಲ್ಡೊಸ್ಟೆರೋನ್ ಪರೀಕ್ಷೆ ಬರೆದುಕೊಟ್ಟಿದ್ದಾರೆ. ರಕ್ತ ಇಲ್ಲಿ ತೆಗೆದು ಬೆಂಗಳೂರಿಗೆ ಕಳಿಸ್ತಾರಂತೆ. ಅಣ್ಣನ ಮಗ ಹಾಸನದ ವೆಟರ್ನರಿ ಕಾಲೇಜಲ್ಲಿ ಓದ್ತಾನೆ. ‘ಇದೆಲ್ಲ ಇಲಿ, ನಾಯಿ ಮೇಲೆ ಕಂಡುಕೊಂಡಿದ್ದು. ಇಲಿಗೆ ಹಾರ್ಮೋನ್ ಚುಚ್ಚಿ ಉಪ್ಪುನೀರು ಕುಡಿಸಿದರೆ ಬಿಪಿ ಬರುತ್ತೆ’ ಅಂತಾನೆ. ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತಾ? ಈ ಪರೀಕ್ಷೆ ಮಾಡಿಸಲೇಬೇಕಾ? ಮಾಡಿಸೋದಾದರೆ ಏನು ಜಾಗ್ರತೆ ವಹಿಸಬೇಕು? ಇನ್ನೊಂದು ಮಾತು, ಮಳೆಗಾಲದ ಕೆಮ್ಮಿಗೆ ಅಂತ ತಂಗಿ ದಿನಾ ಜ್ಯೇಷ್ಠಮಧು ಕಷಾಯ ಕುಡೀತಾಳೆ. ಅದರಿಂದ ತೊಂದರೆ ಇಲ್ಲ ತಾನೇ?

ಉತ್ತರ: ಪರೀಕ್ಷೆ ಮಾಡಿಸಿ. ನಲವತ್ತರೊಳಗಿನ ವಯಸ್ಸು, ಮೂರು ಔಷಧಿ ಕೊಟ್ಟರೂ ಜಗ್ಗದ ಬಿಪಿ, ಇಳಿದ ಪೊಟ್ಯಾಸಿಯಂ: ಇವುಗಳಲ್ಲಿ ಒಂದಿದ್ದರೂ ಹಾರ್ಮೋನ್ ಕಡೆ ನೋಡಬೇಕು, ನಿಮ್ಮ ತಂಗಿಗೆ ಮೂರೂ ಇವೆ. ಆದರೆ ಕಷಾಯವನ್ನು ಇವತ್ತೇ ನಿಲ್ಲಿಸಿ. ಕಷಾಯ ಕುಡಿಯುವ ವಿಷಯವನ್ನು ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ, ರಕ್ತ ಕೊಡುವ ದಿನವನ್ನು ಅವರಿಂದಲೇ ಗೊತ್ತುಮಾಡಿಸಿಕೊಳ್ಳಿ. ಪತ್ರದ ಕೊನೆಯಲ್ಲಿ ‘ಇನ್ನೊಂದು ಮಾತು’ ಎಂದು ಸೇರಿಸಿದ್ದೀರಲ್ಲ, ಇಡೀ ಪತ್ರದಲ್ಲಿ ಅತಿ ಮುಖ್ಯವಾದದ್ದು ಬಹುಶಃ ಅದೇ.

ಅಣ್ಣನ ಮಗ ಹೇಳಿದ್ದು ನಿಜ, ಆದರೆ ಅರ್ಧ ನಿಜ. ಪ್ರಾಣಿಗಳಲ್ಲಿ ಹಾರ್ಮೋನಿನಿಂದ ಬಿಪಿ ಬರಿಸುವ ವಿಧಾನಗಳು ಹಲವಾರಿವೆ. ಅವುಗಳಿಂದ ವೈದ್ಯರು ಕಲಿತ ದೊಡ್ಡ ಪಾಠ ಒಂದೇ: ಬಿಪಿಯ ಅಂಕಿ ಎಷ್ಟು ಎನ್ನುವುದು ಕಾರಣ ಹೇಳುವುದಿಲ್ಲ, ಆ ಅಂಕಿಯ ಹಿಂದೆ ಮೂತ್ರಪಿಂಡ ರಕ್ತಕ್ಕೆ ಬಿಡುವ ರೆನಿನ್ ಎಂಬ ವಸ್ತು ಏರಿದೆಯೋ ಇಳಿದಿದೆಯೋ ಎನ್ನುವುದು ಹೇಳುತ್ತದೆ. 180 ತೋರಿಸುವ ಎರಡು ಇಲಿಗಳನ್ನು ಅಕ್ಕಪಕ್ಕ ಇಟ್ಟರೆ, ಒಂದರ ರಕ್ತದಲ್ಲಿ ರೆನಿನ್ ತುಂಬಿರಬಹುದು, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರಬಹುದು. ಮೊದಲನೆಯದಕ್ಕೆ ಹಿಡಿಯುವ ಔಷಧಿ ಎರಡನೆಯದಕ್ಕೆ ಹಿಡಿಯುವುದಿಲ್ಲ. ತಂಗಿಗೆ ಬರೆದಿರುವ ಪರೀಕ್ಷೆ ಕೇಳುವ ಪ್ರಶ್ನೆಯೂ ಇದೇ.

ಒಂದು ಕ್ಲಿಪ್, ಎರಡು ಬಗೆಯ ಬಿಪಿ

ರೆನಿನ್ ಹೆಸರು ಹುಟ್ಟಿದ್ದು ಮೊಲದಿಂದ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟಿಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡವನ್ನು ಅರೆದು ಸಾರ ತೆಗೆದು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹೆಚ್ಚುಕಡಿಮೆ ಯಾರೂ ಕೇಳಲಿಲ್ಲ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಗೆ ಬೆಳ್ಳಿಯ ಕ್ಲಾಂಪ್ ಹಾಕಿ, ಸ್ಕ್ರೂ ತಿರುಗಿಸಿ ಬೇಕಾದಷ್ಟು ಬಿಗಿ ಮಾಡಿದರು. ಬಿಪಿ ಏರಿತು. ನಾಯಿಗಳಲ್ಲಿ ಒಂದೇ ಬದಿಗೆ ಬಿಗಿದರೆ ಏರಿದ್ದು ಕೆಲವು ವಾರಗಳಲ್ಲಿ ಇಳಿಯುತ್ತಿತ್ತು, ಎರಡೂ ಬದಿಗೆ ಬಿಗಿದರೆ ನಿಲ್ಲುತ್ತಿತ್ತು. 1939ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಬೈರಮ್ ಇಲಿಯ ಒಂದೇ ಬದಿಗೆ ಕ್ಲಿಪ್ ಹಾಕಿದರೂ ಬಿಪಿ ಉಳಿಯುತ್ತದೆ ಎಂದು ತೋರಿಸಿದರು. ನಾಯಿಯ ಫಲಿತಾಂಶ ಇಲಿಗೆ ಹೊಂದಲಿಲ್ಲ, ಇಲಿಯದು ನಾಯಿಗೆ ಹೊಂದಲಿಲ್ಲ. ‘ಪ್ರಾಣಿಗೆ ಆದದ್ದು ನಮಗೂ ಆಗುತ್ತಾ’ ಎಂದು ಕೇಳುವಾಗ ಇದು ನೆನಪಿರಲಿ. ಪ್ರಾಣಿ ಪ್ರಾಣಿಗಳ ನಡುವೆಯೇ ಒಪ್ಪಂದವಿಲ್ಲ.

ಒಳಗೆ ನಡೆಯುವುದು ಇಷ್ಟು. ದೇಹದ ಬಿಪಿ ಎಷ್ಟಿದೆ ಎಂಬುದು ಮೂತ್ರಪಿಂಡಕ್ಕೆ ಗೊತ್ತಾಗುವುದಿಲ್ಲ, ತನ್ನ ಅಪಧಮನಿಯಲ್ಲಿ ಎಷ್ಟಿದೆ ಎಂಬುದಷ್ಟೇ ಗೊತ್ತು. ಪೈಪ್‌ಲೈನಿನ ಕೊನೆಮನೆಗೆ ನೀರು ಬಾರದಿದ್ದರೆ ಅವರು ವಾಟರ್‌ಮ್ಯಾನ್‌ಗೆ ಫೋನ್ ಮಾಡಿ ಒತ್ತಡ ಹೆಚ್ಚಿಸು ಎನ್ನುತ್ತಾರೆ, ಮೇಲಿನ ಮನೆಗಳಲ್ಲಿ ನಲ್ಲಿ ಸಿಡಿದರೆ ಅವರಿಗೇನು? ಕ್ಲಿಪ್ ಬಿದ್ದ ಮೂತ್ರಪಿಂಡ ಮಾಡುವುದೂ ಅದನ್ನೇ. ಅದು ರೆನಿನ್ ಸುರಿಸುತ್ತದೆ. ಯಕೃತ್ತಿನಿಂದ ಬಂದ ಆಂಜಿಯೊಟೆನ್ಸಿನೋಜನ್ ಎಂಬ ಪ್ರೋಟೀನನ್ನು ರೆನಿನ್ ಕತ್ತರಿಸಿ ಆಂಜಿಯೊಟೆನ್ಸಿನ್-1 ಮಾಡುತ್ತದೆ. ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಎಸಿಇ ಕಿಣ್ವ ಅದನ್ನು ಆಂಜಿಯೊಟೆನ್ಸಿನ್-2 ಮಾಡುತ್ತದೆ. ಈ ಎರಡನೆಯದು ರಕ್ತನಾಳಗಳನ್ನು ಬಿಗಿಯುತ್ತದೆ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಬಿಡಿಸುತ್ತದೆ. ಆಲ್ಡೊಸ್ಟೆರೋನ್ ಸೋಡಿಯಂ ಉಳಿಸಿಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ. ತಂಗಿ ತೆಗೆದುಕೊಳ್ಳುವ ಟೆಲ್ಮಿಸಾರ್ಟಾನ್ ತಡೆಯುವುದು ಆಂಜಿಯೊಟೆನ್ಸಿನ್-2ರ ಕೆಲಸವನ್ನು.

ಈಗ ಸೂಕ್ಷ್ಮ ಇರುವುದು ಇಲ್ಲಿ. ಎರಡೂ ಮೂತ್ರಪಿಂಡ ಇರುವ ಇಲಿಯ ಒಂದಕ್ಕೆ ಕ್ಲಿಪ್ ಹಾಕಿದರೆ, ಮೊದಲ ಕೆಲವು ವಾರ ರೆನಿನ್ ಏರಿರುತ್ತದೆ. ಉಪ್ಪು ಮೈಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಏರಿದ ಒತ್ತಡದ ಬಲದಿಂದ ಕ್ಲಿಪ್ ಇಲ್ಲದ ಮೂತ್ರಪಿಂಡ ಅದನ್ನು ಹೊರಹಾಕುತ್ತಿರುತ್ತದೆ. ಅದೇ ಕ್ಲಿಪ್ ಹಾಕಿ ಇನ್ನೊಂದು ಮೂತ್ರಪಿಂಡವನ್ನು ತೆಗೆದುಬಿಟ್ಟರೆ? ಬಿಪಿ ಅಷ್ಟೇ ಏರುತ್ತದೆ, ಆದರೆ ಉಪ್ಪು ಹೊರಹಾಕಲು ದಾರಿ ಇಲ್ಲದೆ ಮೈಯಲ್ಲಿ ನೀರು ನಿಂತು, ಅದರಿಂದಾಗಿ ರೆನಿನ್ ಏರದೆ ಉಳಿಯುತ್ತದೆ. 1971ರಲ್ಲಿ ಬ್ರೂನರ್, ಲಾರಾ ಮತ್ತು ಸಂಗಡಿಗರು ಆಂಜಿಯೊಟೆನ್ಸಿನ್-2 ತಡೆಯುವ ವಸ್ತುವನ್ನು ಎರಡೂ ಗುಂಪಿಗೆ ಕೊಟ್ಟರು. ಎರಡು ಮೂತ್ರಪಿಂಡದ ಇಲಿಗಳ ಬಿಪಿ ಇಳಿಯಿತು, ಒಂದೇ ಮೂತ್ರಪಿಂಡದವುಗಳದು ಇಳಿಯಲಿಲ್ಲ. ಎರಡನೆಯ ಗುಂಪಿನ ಉಪ್ಪನ್ನು ಮೊದಲು ಬರಿದುಮಾಡಿದರೆ ಮಾತ್ರ ಅದೂ ಆಂಜಿಯೊಟೆನ್ಸಿನ್ ಮೇಲೆ ನಿಲ್ಲುವ ಬಿಪಿಯಾಗುತ್ತದೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ಸ್ಪಷ್ಟವಾಯಿತು.

ಇದು ಪಠ್ಯಪುಸ್ತಕದ ಕುತೂಹಲ ಮಾತ್ರವಲ್ಲ. ಎರಡೂ ಬದಿಯ ಅಪಧಮನಿ ಕಿರಿದಾಗಿರುವವರಿಗೆ, ಅಥವಾ ಇರುವ ಒಂದೇ ಮೂತ್ರಪಿಂಡದ ಅಪಧಮನಿ ಕಿರಿದಾಗಿರುವವರಿಗೆ, ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ಶುರುಮಾಡಿದಾಗ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸುವುದು ತಗ್ಗಿದರೆ ರಕ್ತದಲ್ಲಿ ಏರುವ ಕಸ) ಸರ್ರನೆ ಏರಬಹುದು. ಕಿರಿದಾದ ದಾರಿಯಲ್ಲೂ ಸೋಸುವ ಒತ್ತಡವನ್ನು ಹಿಡಿದಿಟ್ಟಿದ್ದ ಆಂಜಿಯೊಟೆನ್ಸಿನ್ ಕೈಬಿಟ್ಟದ್ದೇ ಕಾರಣ. ಅದಕ್ಕೇ ಈ ಮಾತ್ರೆಗಳನ್ನು ಶುರುಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. 30 ಶತಾಂಶಕ್ಕಿಂತ ಹೆಚ್ಚು ಏರಿದರೆ ಮೂತ್ರಪಿಂಡದ ಅಪಧಮನಿಯ ಡಾಪ್ಲರ್ ಸ್ಕ್ಯಾನ್ ಬೇಕು. ತಂಗಿಯ ವಯಸ್ಸಿನ ಹೆಂಗಸರಲ್ಲಿ ಅಪಧಮನಿ ಕಿರಿದಾಗಲು ಕೊಬ್ಬಿನ ಅಡಚಣೆಗಿಂತ ನಾಳದ ಗೋಡೆಯ ಸ್ನಾಯು ಮತ್ತು ನಾರಿನ ದೋಷವೇ ಹೆಚ್ಚು ಕಾರಣ. ಅದನ್ನು ಬಲೂನಿನಿಂದ ಹಿಗ್ಗಿಸಿದರೆ ಬಹುಮಂದಿಗೆ ಬಿಪಿ ತಗ್ಗುತ್ತದೆ. ಆದ್ದರಿಂದ ತಂಗಿಗೆ ಆ ಸ್ಕ್ಯಾನ್ ಆಗಿಲ್ಲದಿದ್ದರೆ ಕೇಳಿ.

ಅಣ್ಣನ ಮಗನಿಗೆ ಪ್ರಯೋಗದ ವಿವರ ಬೇಕಾದರೆ: ಇಲಿಗೆ ಹಾಕುವ ‘ಯು’ ಆಕಾರದ ಬೆಳ್ಳಿ ಕ್ಲಿಪ್‌ನ ಸಂದು ಸಾಮಾನ್ಯವಾಗಿ 0.2 ಮಿ.ಮೀ. ಇರುತ್ತದೆ. ಇದಕ್ಕಿಂತ ಬಿಗಿಯಾದರೆ ಮೂತ್ರಪಿಂಡವೇ ಸತ್ತು ರೆನಿನ್ ಬಿಡುವವರೇ ಇಲ್ಲದಂತಾಗುತ್ತದೆ, ಸಡಿಲವಾದರೆ ಬಿಪಿ ಏರುವುದೇ ಇಲ್ಲ. ಕ್ಲಿಪ್ಪನ್ನು ಇನ್ನೂ ಬೆಳೆಯುತ್ತಿರುವ, 150ರಿಂದ 200 ಗ್ರಾಂ ತೂಕದ ಇಲಿಗೆ ಹಾಕುವುದೂ ಲೆಕ್ಕಾಚಾರದಿಂದಲೇ. ಹಾಕಿದ ದಿನ ಹೆಚ್ಚು ಅಡ್ಡಿಯಿರುವುದಿಲ್ಲ, ಇಲಿ ಬೆಳೆದಂತೆ ಅಪಧಮನಿ ದಪ್ಪವಾಗಿ ಕ್ಲಿಪ್ ತಾನೇ ಬಿಗಿಯಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಕ್ಲಿಪ್ ತೆಗೆದರೆ ಬಿಪಿ ಪೂರ್ತಿ ಇಳಿಯದೆ ಉಳಿಯಬಹುದು, ಅಷ್ಟರಲ್ಲಿ ಇನ್ನೊಂದು ಮೂತ್ರಪಿಂಡ ಮತ್ತು ಸಣ್ಣ ರಕ್ತನಾಳಗಳು ಹಾಳಾಗಿರುತ್ತವೆ. ಹಳೆಯ ಅಡಚಣೆಗೆ ಸ್ಟೆಂಟ್ ಹಾಕಿದರೂ ಕೆಲವರ ಬಿಪಿ ಮಾತ್ರೆ ಬಿಡದಿರುವುದು ಇದರಿಂದಲೇ ಅರ್ಥವಾಗುತ್ತದೆ.

ಹಾರ್ಮೋನ್ ಜೊತೆ ಉಪ್ಪು

ಅಣ್ಣನ ಮಗ ಹೇಳಿದ ಉಪ್ಪುನೀರಿನ ಇಲಿ ಇನ್ನೊಂದು ಜಾತಿಯ ಪ್ರಯೋಗ. 1940ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಇದನ್ನು ಬೆಳೆಸಿದರು. ಆಲ್ಡೊಸ್ಟೆರೋನನ್ನು ಆಗಿನ್ನೂ ಯಾರೂ ಪ್ರತ್ಯೇಕಿಸಿರಲಿಲ್ಲ, ಅದು ಆದದ್ದು 1953ರಲ್ಲಿ. ಸೆಲ್ಯೆ ಬಳಸಿದ್ದು ಅದರ ಹತ್ತಿರದ ನೆಂಟ ಡಿಆಕ್ಸಿಕಾರ್ಟಿಕೋಸ್ಟೆರೋನ್, ಪ್ರಯೋಗಾಲಯದ ಭಾಷೆಯಲ್ಲಿ ‘ಡೋಕಾ’. ಈಗ ರೂಢಿಯಲ್ಲಿರುವ ಕ್ರಮ ಹೀಗಿದೆ. ಮೊದಲು ಒಂದು ಮೂತ್ರಪಿಂಡ ತೆಗೆಯುತ್ತಾರೆ. ಒಂದು ವಾರ ಸುಧಾರಿಸಲು ಬಿಟ್ಟು, ಎಣ್ಣೆಯಲ್ಲಿ ಕಲಸಿದ ಡೋಕಾವನ್ನು ಪ್ರತಿ ಕಿಲೋ ತೂಕಕ್ಕೆ 25 ಮಿ.ಗ್ರಾಂನಂತೆ ವಾರಕ್ಕೆ ಎರಡು ಸಲ ಚರ್ಮದಡಿಗೆ ಚುಚ್ಚುತ್ತಾರೆ. ಕುಡಿಯಲು ಸಾದಾ ನೀರಿನ ಬದಲು 1 ಶತಾಂಶ ಉಪ್ಪುನೀರು, ಹಲವರು ಅದಕ್ಕೆ 0.2 ಶತಾಂಶ ಪೊಟ್ಯಾಸಿಯಂ ಕ್ಲೋರೈಡನ್ನೂ ಬೆರೆಸುತ್ತಾರೆ. ಮೂರ್ನಾಲ್ಕು ವಾರದಲ್ಲಿ ಬಿಪಿ ನಿಚ್ಚಳವಾಗಿ ಏರುತ್ತದೆ.

ಕೆಡುವ ಜಾಗಗಳೂ ಗೊತ್ತಿರಲಿ. ಚುಚ್ಚಿದ ತೂತಿನಿಂದ ಎಣ್ಣೆ ಹೊರಸೋರಿದರೆ ಡೋಸ್ ಎಷ್ಟು ಹೋಯಿತೆಂದೇ ತಿಳಿಯುವುದಿಲ್ಲ. ಅದಕ್ಕೆ ಸೂಜಿಯನ್ನು ನಿಧಾನವಾಗಿ ಹೊರತೆಗೆದು ಜಾಗವನ್ನು ಒತ್ತಿಹಿಡಿಯಬೇಕು. ಹೋಲಿಕೆಯ ಗುಂಪಿಗೂ ಒಂದು ಮೂತ್ರಪಿಂಡ ತೆಗೆದು, ಅದೇ ಉಪ್ಪುನೀರು ಕೊಡಬೇಕು. ಇಲ್ಲವಾದರೆ ಏರಿದ ಬಿಪಿ ಹಾರ್ಮೋನಿನದೋ ಉಪ್ಪಿನದೋ ಶಸ್ತ್ರಕ್ರಿಯೆಯದೋ ಹೇಳಲಾಗುವುದಿಲ್ಲ. ವಾರಗಳನ್ನು ಎಳೆದಷ್ಟೂ ಇಲಿ ತೂಕ ಕಳೆದುಕೊಂಡು ಪಾರ್ಶ್ವವಾಯುವಿಗೆ ತುತ್ತಾಗಬಹುದು, ಅಲ್ಲಿಗೆ ಮುಟ್ಟುವ ಮೊದಲೇ ಪ್ರಯೋಗ ನಿಲ್ಲಿಸುವ ಮಿತಿಯನ್ನು ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಬರೆದಿರಬೇಕು.

ಈ ಇಲಿಯಿಂದ ತಿಳಿದದ್ದು ಮೂರು. ಒಂದು, ಉಪ್ಪು ಕಡಿಮೆ ಮಾಡಿದರೆ ಅದೇ ಹಾರ್ಮೋನ್ ಬಿಪಿಯನ್ನು ಅಷ್ಟು ಏರಿಸಲಾರದು. ಎರಡು, ಉಪ್ಪು ಮೈಯಲ್ಲಿ ತುಂಬಿರುವುದರಿಂದ ಮೂತ್ರಪಿಂಡ ರೆನಿನ್ ಬಿಡುವುದನ್ನೇ ನಿಲ್ಲಿಸುತ್ತದೆ, ಹಾಗಾಗಿ ಆಂಜಿಯೊಟೆನ್ಸಿನ್ ತಡೆಯುವ ಔಷಧಿ ಇಲ್ಲಿ ಮೊಂಡು. ಇಲ್ಲದ ರೆನಿನ್ನಿನ ಫಲವನ್ನು ತಡೆದು ಏನು ಬಂತು? ಆಲ್ಡೊಸ್ಟೆರೋನ್ ಬಂದು ಅಂಟುವ ಗ್ರಾಹಕವನ್ನೇ (ಜೀವಕೋಶದ ರಿಸೆಪ್ಟರ್) ಮುಚ್ಚುವ ಸ್ಪೈರೊನೊಲ್ಯಾಕ್ಟೋನ್ ಕೆಲಸ ಮಾಡುತ್ತದೆ. ಮೂರು, ಪೊಟ್ಯಾಸಿಯಂ ಸೋರುತ್ತದೆ. ಕುಡಿಯುವ ನೀರಿಗೆ ಪೊಟ್ಯಾಸಿಯಂ ಬೆರೆಸುವುದು ಅದಕ್ಕೇ.

ತಂಗಿಯ ಚಿತ್ರ ಈ ಉಪ್ಪುನೀರಿನ ಇಲಿಗೆ ಹತ್ತಿರ. ಟೆಲ್ಮಿಸಾರ್ಟಾನ್ ಸಾಮಾನ್ಯವಾಗಿ ಪೊಟ್ಯಾಸಿಯಂ ಅನ್ನು ಸ್ವಲ್ಪ ಏರಿಸಬೇಕು. ಹೈಡ್ರೋಕ್ಲೋರೋಥಯಾಜೈಡ್ ಇಳಿಸುತ್ತದೆ, ಆದರೆ 12.5 ಮಿ.ಗ್ರಾಂ ಸಣ್ಣ ಪ್ರಮಾಣ. ಎರಡೂ ಇದ್ದು 3.1 ಬಂದಿದೆ ಎಂದರೆ ಸುಮ್ಮನೆ ಬಿಡುವ ಅಂಕಿಯಲ್ಲ. ಕಾಲು ಊದಿಲ್ಲ ಎಂದು ಬರೆದಿದ್ದೀರಿ, ಅದರಿಂದ ಆಲ್ಡೊಸ್ಟೆರೋನ್ ಇಲ್ಲ ಎಂದಾಗುವುದಿಲ್ಲ. ಹಾರ್ಮೋನ್ ಹೆಚ್ಚಾದ ಕೆಲವೇ ದಿನಗಳಲ್ಲಿ ಏರಿದ ಒತ್ತಡವೇ ಉಪ್ಪನ್ನು ಮೂತ್ರದಲ್ಲಿ ತಳ್ಳಲು ಶುರುಮಾಡುತ್ತದೆ. ಉಪ್ಪಿನ ಲೆಕ್ಕ ಹೊಸ ಮಟ್ಟದಲ್ಲಿ ಸರಿಹೊಂದುತ್ತದೆ, ಊತ ಬರುವುದಿಲ್ಲ, ಬಿಪಿ ಮಾತ್ರ ಉಳಿಯುತ್ತದೆ. ಅಡ್ರಿನಲ್ ತಾನಾಗಿಯೇ ಆಲ್ಡೊಸ್ಟೆರೋನ್ ಹೆಚ್ಚು ಬಿಡುವ ಈ ಕಾಯಿಲೆಯನ್ನು ಮನುಷ್ಯರಲ್ಲಿ 1955ರಲ್ಲಿ ಅಮೆರಿಕದ ಜೆರೋಮ್ ಕಾನ್ ವರ್ಣಿಸಿದರು. ಬಿಪಿ ಇರುವ ನೂರರಲ್ಲಿ 5ರಿಂದ 10 ಮಂದಿಗೆ, ಮೂರು ಔಷಧಿಗೂ ಬಗ್ಗದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಇದು ಇರುತ್ತದೆ. ಇವರಲ್ಲಿ ಹೆಚ್ಚಿನವರ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ ಎಂಬುದರಿಂದ ಬಹಳ ಮಂದಿ ಕೈತಪ್ಪಿಹೋಗುತ್ತಾರೆ. ಆ ಲೆಕ್ಕದಲ್ಲಿ ತಂಗಿಯ ಪೊಟ್ಯಾಸಿಯಂ ಇಳಿದದ್ದು ಒಳ್ಳೆಯದೇ ಆಯಿತು, ಸುಳಿವಾದರೂ ಸಿಕ್ಕಿತು.

ಬಿಪಿ ಹೇಗಾದರೂ ಇಳಿದರೆ ಸಾಕಲ್ಲವೇ, ಹಾರ್ಮೋನ್ ಯಾವುದಾದರೇನು ಎಂದು ಕೇಳುವವರಿದ್ದಾರೆ. ಅದಕ್ಕೂ ಉತ್ತರ ಇಲಿಯಲ್ಲಿದೆ. 1990ರ ಸುಮಾರಿಗೆ ಬ್ರಿಲ್ಲಾ ಮತ್ತು ವೆಬರ್ ಇಲಿಗಳಿಗೆ ಆಲ್ಡೊಸ್ಟೆರೋನ್ ಮತ್ತು ಉಪ್ಪು ಕೊಟ್ಟು ಹೃದಯ ಪರೀಕ್ಷಿಸಿದರು. ಒತ್ತಡ ಹೊರುವ ಎಡ ಹೃತ್ಕುಕ್ಷಿಯಲ್ಲಿ ಮಾತ್ರವಲ್ಲ, ಒತ್ತಡ ಏರದ ಬಲ ಹೃತ್ಕುಕ್ಷಿಯಲ್ಲೂ ನಾರು ಬೆಳೆದಿತ್ತು. ಅಂದರೆ ಹೃದಯಕ್ಕೆ ಗಾಯ ಮಾಡಿದ್ದು ಬಿಪಿ ಒಂದೇ ಅಲ್ಲ, ಉಪ್ಪಿನ ಜೊತೆ ಸೇರಿದ ಹಾರ್ಮೋನ್ ಕೂಡ. ಅಷ್ಟೇ ಬಿಪಿ ಇರುವ ಬೇರೆಯವರಿಗಿಂತ ಆಲ್ಡೊಸ್ಟೆರೋನ್ ಹೆಚ್ಚಿರುವವರಿಗೆ ಹೃದಯದ ಬಡಿತ ತಪ್ಪುವುದು, ಪಾರ್ಶ್ವವಾಯು ಹೆಚ್ಚು. ಕಾರಣ ಹುಡುಕದೆ ನಾಲ್ಕನೇ, ಐದನೇ ಮಾತ್ರೆ ಸೇರಿಸುತ್ತಾ ಹೋಗುವುದು ಅದಕ್ಕೇ ಸರಿಯಲ್ಲ.

ಜ್ಯೇಷ್ಠಮಧು

ಆಲ್ಡೊಸ್ಟೆರೋನಿನ ಗ್ರಾಹಕಕ್ಕೆ ಅಡ್ರಿನಲ್‌ನ ಇನ್ನೊಂದು ಹಾರ್ಮೋನಾದ ಕಾರ್ಟಿಸೋಲ್ ಕೂಡ ಅಷ್ಟೇ ಬಿಗಿಯಾಗಿ ಅಂಟುತ್ತದೆ, ಮತ್ತು ರಕ್ತದಲ್ಲಿ ಕಾರ್ಟಿಸೋಲ್ ಬಹಳ ಹೆಚ್ಚು ಇರುತ್ತದೆ. ಹಾಗಿದ್ದೂ ಗ್ರಾಹಕ ಕಾರ್ಟಿಸೋಲಿನಿಂದ ತುಂಬಿಹೋಗದಿರಲು ಕಾರಣ, ಮೂತ್ರಪಿಂಡದ ಜೀವಕೋಶದೊಳಗೆ ಕಾವಲಿರುವ ಒಂದು ಕಿಣ್ವ. ಅದು ಒಳಬರುವ ಕಾರ್ಟಿಸೋಲನ್ನು ನಿಷ್ಕ್ರಿಯ ಕಾರ್ಟಿಸೋನ್ ಮಾಡಿಬಿಡುತ್ತದೆ. 1988ರಲ್ಲಿ ಎರಡು ತಂಡಗಳು ಇಲಿಯ ಅಂಗಾಂಶದಲ್ಲಿ ಇದನ್ನು ತೋರಿಸಿದವು. 1999ರಲ್ಲಿ ಈ ಕಿಣ್ವದ ಜೀನ್ ತೆಗೆದ ಚಿಕ್ಕಿಲಿಗಳಿಗೆ (ಮೌಸ್) ಬಿಪಿ ಏರಿ ಪೊಟ್ಯಾಸಿಯಂ ಇಳಿಯಿತು. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಮಾಡುವುದೂ ಅದೇ: ಕಾವಲಿನ ಕಿಣ್ವವನ್ನು ಕಟ್ಟಿಹಾಕುತ್ತದೆ. ಗಂಟಲಿಗೆ ಹಿತವಾದ ಕಷಾಯ ಮೂತ್ರಪಿಂಡಕ್ಕೆ ಆಲ್ಡೊಸ್ಟೆರೋನಿನ ವೇಷ ಹಾಕಿಕೊಂಡು ಹೋಗುತ್ತದೆ.

ದಿನಕ್ಕೆ 100 ಮಿ.ಗ್ರಾಂ ಗ್ಲಿಸಿರೈಜಿನ್ ಮೀರಬಾರದು ಎಂಬುದು ಯುರೋಪಿನ ಆಹಾರ ತಜ್ಞರ ಮಿತಿ. ಬೇರಿನಲ್ಲಿ ಅದರ ಅಂಶ ಕೆಲವೇ ಶತಾಂಶ ಎಂದರೂ, ಐದಾರು ಗ್ರಾಂ ಬೇರನ್ನು ಕುದಿಸಿ ಬತ್ತಿಸಿದ ಕಷಾಯ ದಿನಾ ಕುಡಿದರೆ ಆ ಮಿತಿ ಸುಲಭವಾಗಿ ದಾಟುತ್ತದೆ. ಎರಡು ದಿನದ ಕೆಮ್ಮಿಗೆ ಕುಡಿದದ್ದು ಬೇರೆ, ಸಕಲೇಶಪುರದ ಮಳೆಗಾಲ ಮುಗಿಯುವವರೆಗೆ ಕುಡಿದದ್ದು ಬೇರೆ. ನಿಲ್ಲಿಸಿದ ಮೇಲೂ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ, ಪರೀಕ್ಷೆಗೆ ಮುಂಚೆ ಕನಿಷ್ಠ ನಾಲ್ಕು ವಾರ ಬಿಡಬೇಕು. ಅಂಗಡಿಯ ಕೆಮ್ಮಿನ ಸಿರಪ್, ಚೂರ್ಣ, ಗಂಟಲ ಮಾತ್ರೆಗಳ ಚೀಟಿಯಲ್ಲಿ ಯಷ್ಟಿಮಧು, ಅತಿಮಧುರ, ಮುಲೇಠಿ ಎಂದಿದ್ದರೂ ಅದೇ ವಸ್ತು. ಶುಂಠಿ, ಕಾಳುಮೆಣಸು, ತುಳಸಿಯ ಕಷಾಯಕ್ಕೆ ಈ ದೋಷವಿಲ್ಲ.

ಇಲಿ ಎಲ್ಲಿ ದಾರಿ ತಪ್ಪಿಸುತ್ತದೆ

ಇಲಿಯ ಅಡ್ರಿನಲ್‌ನಲ್ಲಿ ಒಂದು ಕಿಣ್ವ ಇಲ್ಲದಿರುವುದರಿಂದ ಅದು ಕಾರ್ಟಿಸೋಲ್ ಮಾಡುವುದಿಲ್ಲ, ಕಾರ್ಟಿಕೋಸ್ಟೆರೋನ್ ಮಾಡುತ್ತದೆ. ನಾಯಿ, ಮನುಷ್ಯರದು ಕಾರ್ಟಿಸೋಲ್. ಕಾರ್ಟಿಸೋಲ್ ಅತಿಯಾಗುವ ಕುಶಿಂಗ್ ಕಾಯಿಲೆಯ ವಿಷಯದಲ್ಲಿ ಇಲಿಗಿಂತ ನಾಯಿ ನಮಗೆ ಹತ್ತಿರ. ಮನುಷ್ಯರ ರೆನಿನ್ ಇಲಿಯ ಆಂಜಿಯೊಟೆನ್ಸಿನೋಜನ್ ಅನ್ನು ಕತ್ತರಿಸಲಾರದು. ರೆನಿನ್ನನ್ನೇ ತಡೆಯುವ ಅಲಿಸ್ಕಿರೆನ್ ಔಷಧಿಯನ್ನು ಪರೀಕ್ಷಿಸಲು ಮನುಷ್ಯರ ಎರಡೂ ಜೀನ್‌ಗಳನ್ನು ಸೇರಿಸಿದ ಇಲಿಗಳನ್ನು ಬಳಸಬೇಕಾಯಿತು. ಬೊಜ್ಜಿನ ವಿಷಯ ಇನ್ನೂ ತಮಾಷೆ: ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನೇ ಇಲ್ಲದ ಚಿಕ್ಕಿಲಿ ಉಂಡೆಯಾಗಿ ಬೊಜ್ಜು ಬೆಳೆಸಿಕೊಂಡರೂ ಅದಕ್ಕೆ ಬಿಪಿ ಬರುವುದಿಲ್ಲ. ದಪ್ಪಗಿದ್ದರೆ ಬಿಪಿ ಎಂಬ ಸರಳ ಲೆಕ್ಕವನ್ನು ಅದು ಕೆಡಿಸಿಬಿಟ್ಟಿತು, ನರಗಳ ಮೂಲಕ ಬಿಪಿ ಏರಿಸುವುದರಲ್ಲಿ ಲೆಪ್ಟಿನ್‌ಗೂ ಪಾಲಿದೆ ಎಂದು ತೋರಿಸಿತು.

1963ರಲ್ಲಿ ಕ್ಯೋಟೊದ ಒಕಾಮೊಟೊ ಮತ್ತು ಆವೊಕಿ ಬಿಪಿ ಹೆಚ್ಚಿರುವ ಇಲಿಗಳನ್ನೇ ಆರಿಸಿ ತಲೆಮಾರುಗಟ್ಟಲೆ ಕೂಡಿಸಿ ‘ಎಸ್‌ಎಚ್‌ಆರ್’ ತಳಿ ಮಾಡಿದರು. ಲೋಕದಲ್ಲಿ ಅತಿ ಹೆಚ್ಚು ಬಳಕೆಯಾದ ಬಿಪಿ ಇಲಿ ಬಹುಶಃ ಇದೇ. ಆದರೆ ಒಂದೇ ಹಾರ್ಮೋನಿನ ಕಥೆ ಹುಡುಕುವವರಿಗೆ ಇದರಿಂದ ಉಪಯೋಗ ಕಡಿಮೆ, ಇಲ್ಲಿ ಹಲವು ಜೀನ್‌ಗಳು ಕೂಡಿ ಕೆಲಸ ಮಾಡುತ್ತವೆ. ಗಂಡು ಇಲಿಗೆ ಹೆಣ್ಣಿಗಿಂತ ಬಿಪಿ ಹೆಚ್ಚು ಎಂಬುದನ್ನೂ ಗಮನಿಸಿ: ಗಂಡಿಲಿಯ ಮೇಲೆಯೇ ಮಾಡಿದ ಪ್ರಯೋಗದಿಂದ ನಿಮ್ಮ ತಂಗಿಯ ಬಗ್ಗೆ ತೀರ್ಮಾನಕ್ಕೆ ಹಾರಬಾರದು.

ಅಳತೆಯಲ್ಲೂ ಮೋಸವಿದೆ. ಇಲಿಯ ಬಾಲಕ್ಕೆ ಪಟ್ಟಿ ಕಟ್ಟಿ ಬಿಪಿ ನೋಡುವಾಗ ಬಾಲ ಬೆಚ್ಚಗಿರಬೇಕು, ತಣ್ಣಗಿದ್ದರೆ ನಾಡಿಯೇ ಸಿಗುವುದಿಲ್ಲ, ಹೆಚ್ಚು ಕಾಯಿಸಿದರೆ ಇಲಿ ಗಾಬರಿಯಾಗಿ ಅಂಕಿ ಏರುತ್ತದೆ. ಕೊಳವೆಯೊಳಗೆ ಸುಮ್ಮನಿರುವುದನ್ನು ಕಲಿಸಲು ಐದಾರು ದಿನ ಬೇಕು, ಆ ದಿನಗಳ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಟ್ಟೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟು ದಿನವಿಡೀ ಅಳೆಯುವುದೇ ನಂಬಿಕಸ್ತ ವಿಧಾನ. ತಂಗಿಯ 160/100 ಕ್ಲಿನಿಕ್ಕಿನದೋ ಮನೆಯದೋ ನೀವು ಬರೆದಿಲ್ಲ. ಮನೆಯಲ್ಲಿ ಐದು ನಿಮಿಷ ಕುರ್ಚಿಗೊರಗಿ ಕೂತು, ಅರ್ಧ ಗಂಟೆ ಮುಂಚೆ ಕಾಫಿ ಕುಡಿಯದೆ, ತೋಳಿನ ದಪ್ಪಕ್ಕೆ ತಕ್ಕ ಪಟ್ಟಿ ಕಟ್ಟಿ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ.

ಅಣ್ಣನ ಮಗನಿಗೆ ಇನ್ನೊಂದು ಮಾತು. ಪ್ರಯೋಗದ ಇಲಿಗಿಂತ ಕ್ಲಿನಿಕ್ಕಿಗೆ ಬರುವ ಬೆಕ್ಕು, ನಾಯಿಯಲ್ಲಿ ಈ ಕಾಯಿಲೆಗಳು ತಾವಾಗಿ ಬರುತ್ತವೆ, ಕಲಿಯಲು ಅದು ಇನ್ನೂ ಒಳ್ಳೆಯದು. ವಯಸ್ಸಾದ ಬೆಕ್ಕು ಕತ್ತು ಎತ್ತಲಾರದೆ ಗದ್ದ ಎದೆಗೆ ತಾಗಿಸಿಕೊಂಡು ಬಂದರೆ ಪೊಟ್ಯಾಸಿಯಂ ನೋಡಬೇಕು, ಅಡ್ರಿನಲ್ ಗಡ್ಡೆಯ ಆಲ್ಡೊಸ್ಟೆರೋನ್ ಕಾರಣವಿರಬಹುದು. ಇದ್ದಕ್ಕಿದ್ದಂತೆ ಕಣ್ಣು ಕಾಣದಾದ ಬೆಕ್ಕಿಗೆ ಮೊದಲು ಬಿಪಿ ನೋಡಬೇಕು. ಪಟ್ಟಿಯ ಅಗಲ ಕಾಲಿನ ಸುತ್ತಳತೆಯ 30ರಿಂದ 40 ಶತಾಂಶ ಇರಬೇಕು, ಮೊದಲ ಅಂಕಿ ಬಿಟ್ಟು ಐದರಿಂದ ಏಳು ಅಂಕಿಗಳ ಸರಾಸರಿ ತೆಗೆಯಬೇಕು. ಮೇಲಿನ ಅಂಕಿ 160 ದಾಟಿದರೆ ಬಿಪಿ, 180 ದಾಟಿದರೆ ತೀವ್ರ.

ರಕ್ತ ಕೊಡುವ ದಿನ

ಔಷಧಿಗಳು ಈ ಪರೀಕ್ಷೆಯನ್ನು ಎರಡು ದಿಕ್ಕಿಗೆ ಎಳೆಯುತ್ತವೆ. ಟೆಲ್ಮಿಸಾರ್ಟಾನ್, ಹೈಡ್ರೋಕ್ಲೋರೋಥಯಾಜೈಡ್ ರೆನಿನ್ ಏರಿಸಿ ಕಾಯಿಲೆಯನ್ನು ಮರೆಮಾಡಬಹುದು. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು, ನೋವಿನ ಮಾತ್ರೆಗಳು ರೆನಿನ್ ಇಳಿಸಿ ಇಲ್ಲದ ಕಾಯಿಲೆಯನ್ನು ತೋರಿಸಬಹುದು. ಹಾಗೆಂದು ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಮೊದಲ ಪರೀಕ್ಷೆಯನ್ನು ಇರುವ ಮಾತ್ರೆಗಳ ಮೇಲೆಯೇ ಮಾಡಬಹುದು. ಟೆಲ್ಮಿಸಾರ್ಟಾನ್ ಇದ್ದೂ ರೆನಿನ್ ತೀರಾ ಕಡಿಮೆ ಬಂದರೆ ಅದು ಗಟ್ಟಿ ಸಾಕ್ಷಿ. ಗೊಂದಲವಾದರೆ ಡಾಕ್ಟರು ಎರಡರಿಂದ ನಾಲ್ಕು ವಾರ ವೆರಪಾಮಿಲ್ ಅಥವಾ ಪ್ರಾಜೋಸಿನ್‌ಗೆ ಬದಲಿಸಿ ಮತ್ತೆ ನೋಡುತ್ತಾರೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅದೂ ರೆನಿನ್ ಅಂಕಿಯನ್ನು ಬದಲಿಸುತ್ತದೆ.

ಪೊಟ್ಯಾಸಿಯಂ 3.1 ಇರುವಾಗ ರಕ್ತ ಕೊಟ್ಟರೆ ಆಲ್ಡೊಸ್ಟೆರೋನ್ ಸುಳ್ಳಾಗಿ ಕಡಿಮೆ ತೋರುತ್ತದೆ, ಏಕೆಂದರೆ ಇಳಿದ ಪೊಟ್ಯಾಸಿಯಂ ಅಡ್ರಿನಲ್ ಅನ್ನು ತಡೆದು ಹಿಡಿಯುತ್ತದೆ. ಸಿರಪ್ ಅಥವಾ ಮಾತ್ರೆಯಿಂದ 4ರ ಹತ್ತಿರಕ್ಕೆ ತಂದಮೇಲೆ ಕೊಡಿ, ಎಳನೀರು ಬಾಳೆಹಣ್ಣಿನಿಂದಷ್ಟೇ ಅದು ಆಗುವುದಿಲ್ಲ. ಪರೀಕ್ಷೆಗೆಂದು ಉಪ್ಪು ಬಿಡಬೇಡಿ, ಉಪ್ಪು ಬಿಟ್ಟರೆ ರೆನಿನ್ ಏರಿ ಚಿತ್ರ ಕೆಡುತ್ತದೆ. ಉಪ್ಪಿನಕಾಯಿ ಕಡಿಮೆ ಮಾಡುವ ಕೆಲಸ ರಕ್ತ ಕೊಟ್ಟ ಮೇಲಿನದು.

ಬೆಳಿಗ್ಗೆ ಎದ್ದು ಕನಿಷ್ಠ ಎರಡು ಗಂಟೆ ಓಡಾಡಿಕೊಂಡಿದ್ದು, ಆಮೇಲೆ 5ರಿಂದ 15 ನಿಮಿಷ ಕೂತು, ಹತ್ತು ಗಂಟೆಯ ಆಸುಪಾಸಿನಲ್ಲಿ ರಕ್ತ ಕೊಡಬೇಕು. ಸಕಲೇಶಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಆ ಎರಡು ಗಂಟೆ ಹೇಗೂ ಆಗಿರುತ್ತದೆ. ಸೂಜಿ ಹಾಕುವಾಗ ಮುಷ್ಟಿ ಬಿಗಿದು ಬಿಚ್ಚಿ ಮಾಡಬಾರದು, ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ರೆನಿನ್ನಿನ ಟ್ಯೂಬನ್ನು ಐಸ್ ಮೇಲೆ ಇಡಬಾರದು ಎಂಬುದು ಎಲ್ಲಕ್ಕಿಂತ ಹೆಚ್ಚು ತಪ್ಪುವ ಜಾಗ. ತಣ್ಣನೆಯ ದ್ರವ ಪ್ಲಾಸ್ಮಾದಲ್ಲಿ ನಿದ್ದೆಯಲ್ಲಿರುವ ಪ್ರೊರೆನಿನ್ (ರೆನಿನ್ನಿನ ಮೊದಲ ರೂಪ) ಎಚ್ಚೆತ್ತು ರೆನಿನ್ ಹೆಚ್ಚು ತೋರಿಸುತ್ತದೆ, ಇರುವ ಕಾಯಿಲೆ ಮುಚ್ಚಿಹೋಗುತ್ತದೆ. ಕೋಣೆಯ ಉಷ್ಣತೆಯಲ್ಲಿಟ್ಟು, ಬೇಗ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾ ಬೇರ್ಪಡಿಸಿ, ನೇರವಾಗಿ ಗಟ್ಟಿಯಾಗುವಂತೆ ಫ್ರೀಜ್ ಮಾಡಿ ಬೆಂಗಳೂರಿಗೆ ಕಳಿಸಬೇಕು. ಐಸ್ ಡಬ್ಬಿಯಲ್ಲಿ ಟ್ಯೂಬ್ ಹಾಗೇ ಇಟ್ಟು 180 ಕಿ.ಮೀ. ಕಳಿಸುವ ಲ್ಯಾಬ್ ಆದರೆ ಬೇರೆ ಕಡೆ ಕೊಡಿ. ಕೇಳಲು ಸಂಕೋಚಪಡಬೇಡಿ, ದುಬಾರಿ ಪರೀಕ್ಷೆ ಇದು.

ಫಲಿತಾಂಶ ಓದುವುದು ಹೀಗೆ. ರೆನಿನ್ ಏರಿ ಆಲ್ಡೊಸ್ಟೆರೋನೂ ಏರಿದ್ದರೆ ಕ್ಲಿಪ್ ಹಾಕಿದ ಇಲಿ, ಅಂದರೆ ಮೂತ್ರಪಿಂಡದ ಅಪಧಮನಿ ನೋಡಬೇಕು, ಜೊತೆಗೆ ಮಾತ್ರೆಗಳ ಪ್ರಭಾವವನ್ನೂ ಲೆಕ್ಕ ಹಿಡಿಯಬೇಕು. ರೆನಿನ್ ಇಳಿದು ಆಲ್ಡೊಸ್ಟೆರೋನ್ ಏರಿದ್ದರೆ ಕಾನ್ ಕಾಯಿಲೆಯ ಅನುಮಾನ. ಆಲ್ಡೊಸ್ಟೆರೋನ್ ಅನ್ನು ರೆನಿನ್ ಚಟುವಟಿಕೆಯಿಂದ ಭಾಗಿಸಿದಾಗ 30 ದಾಟಿ, ಆಲ್ಡೊಸ್ಟೆರೋನ್ 15ಕ್ಕಿಂತ ಹೆಚ್ಚಿದ್ದರೆ ಅನುಮಾನ ಬಲ (ಆಲ್ಡೊಸ್ಟೆರೋನ್ ng/dL, ರೆನಿನ್ ಚಟುವಟಿಕೆ ng/mL/h ಲೆಕ್ಕದಲ್ಲಿ). ಆದರೆ ಲ್ಯಾಬಿನ ಘಟಕಗಳು ಬೇರೆಯಾದರೆ ಈ ಅಂಕಿಗಳೂ ಬದಲಾಗುತ್ತವೆ, ಆದ್ದರಿಂದ ಇಂಟರ್ನೆಟ್ಟಿನ ಅಂಕಿಯೊಂದಿಗೆ ಹೋಲಿಸಬೇಡಿ. ಎರಡೂ ಇಳಿದಿದ್ದರೆ ಮೊದಲ ಆರೋಪಿ ಕಷಾಯ. ತಲೆನೋವು, ಎದೆ ಹೊಡೆತ, ಬೆವರು ದಾಳಿಯಂತೆ ಬರುತ್ತಿದ್ದರೆ ಅಡ್ರಿನಲಿನ್ ಗಡ್ಡೆಗಾಗಿ ಮೆಟಾನೆಫ್ರಿನ್ ಪರೀಕ್ಷೆಯೂ ಬೇಕು, ಮೂರೂ ಒಟ್ಟಿಗೆ ಬಾರದಿದ್ದರೂ ಆ ಗಡ್ಡೆ ಇರಬಹುದು. ಥೈರಾಯ್ಡ್ ಹೇಗೂ ಒಮ್ಮೆ ನೋಡಿರುತ್ತಾರೆ.

ಕಾನ್ ಕಾಯಿಲೆ ಖಚಿತವಾದರೆ ಅಡ್ರಿನಲ್ ಸಿಟಿ ಸ್ಕ್ಯಾನ್. ಗಡ್ಡೆ ಒಂದೇ ಬದಿಯದೋ ಎಂದು ತಿಳಿಯಲು ಎರಡೂ ಅಡ್ರಿನಲ್‌ಗಳ ರಕ್ತನಾಳದಿಂದ ರಕ್ತ ತೆಗೆಯುವ ಕಷ್ಟದ ಪರೀಕ್ಷೆ ಬೇಕಾಗುತ್ತದೆ. ಆದರೆ 35ರೊಳಗಿನವರಿಗೆ ಪೊಟ್ಯಾಸಿಯಂ ತಾನಾಗಿ ಇಳಿದು, ಆಲ್ಡೊಸ್ಟೆರೋನ್ ತುಂಬ ಹೆಚ್ಚಿದ್ದು, ಒಂದೇ ಬದಿಗೆ ಸ್ಪಷ್ಟ ಗಡ್ಡೆ ಕಂಡರೆ ಅದಿಲ್ಲದೆಯೂ ಶಸ್ತ್ರಕ್ರಿಯೆಗೆ ಹೋಗಬಹುದು. ತಂಗಿಗೆ 34, ಆದ್ದರಿಂದ ಈ ಕೆಲಸ ಮುಂದಿನ ವರ್ಷಕ್ಕೆ ಎಂದು ಎಳೆಯಬೇಡಿ. ಎರಡೂ ಬದಿಯದಾದರೆ ಸ್ಪೈರೊನೊಲ್ಯಾಕ್ಟೋನ್, 12.5 ಅಥವಾ 25 ಮಿ.ಗ್ರಾಂನಿಂದ ಶುರು. ಅದರಿಂದ ಮುಟ್ಟು ಏರುಪೇರಾಗಬಹುದು. ಗರ್ಭಿಣಿಯಾಗುವ ಯೋಚನೆಯಿದ್ದರೆ ಮೊದಲೇ ಹೇಳಬೇಕು, ಸ್ಪೈರೊನೊಲ್ಯಾಕ್ಟೋನೂ ಟೆಲ್ಮಿಸಾರ್ಟಾನೂ ಗರ್ಭಿಣಿಯಾಗಿರುವಾಗ ಕೂಡದು. ಸ್ಪೈರೊನೊಲ್ಯಾಕ್ಟೋನ್ ಶುರುವಾದ ದಿನದಿಂದ ಪೊಟ್ಯಾಸಿಯಂ ಸಿರಪ್ ಮುಂದುವರಿಸಬೇಕೇ ಬೇಡವೇ ಎಂದು ಡಾಕ್ಟರನ್ನು ಕೇಳಿಯೇ ಬನ್ನಿ. ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್, ಸಿರಪ್ ಮೂರೂ ಒಟ್ಟಿಗೆ ನಡೆದರೆ 3.1 ಇದ್ದದ್ದು 6 ದಾಟಿ ಹೃದಯದ ಬಡಿತ ತಪ್ಪಬಹುದು. ಶುರುಮಾಡಿ ಒಂದು ವಾರವಾದಾಗ ಒಮ್ಮೆ, ನಾಲ್ಕು ವಾರವಾದಾಗ ಇನ್ನೊಮ್ಮೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ನೋಡಿಸಿ, ಆ ಚೀಟಿಗಳನ್ನು ಬಿಪಿ ಬರೆದ ಪುಸ್ತಕದಲ್ಲೇ ಇಟ್ಟುಕೊಂಡಿರಿ.